ಕ್ಯೂಒಎಸ್ ಹಾಕಿದರೂ ಕಾಲ್ ತುಂಡಾಗುತ್ತಿದೆಯಾ? ಲಕ್ಷಣ ಹಿಡಿದು ದೋಷ ಹುಡುಕುವ ಬಗೆ

ರೂಟರ್‌ನಲ್ಲಿ ಕ್ಯೂಒಎಸ್ (ಕ್ವಾಲಿಟಿ ಆಫ್ ಸರ್ವಿಸ್, ಯಾವ ಟ್ರಾಫಿಕ್ ಮೊದಲು ಹೋಗಬೇಕು ಅಂತ ಹೇಳುವ ಸೆಟ್ಟಿಂಗ್) ಆನ್ ಮಾಡಿರುತ್ತೀರಿ. ವಿಡಿಯೋ ಕಾಲ್‌ಗೆ ಮೇಲಿನ ಪ್ರಯಾರಿಟಿ, ಡೌನ್‌ಲೋಡ್‌ಗೆ ಕೆಳಗಿನದು ಅಂತ ಸೆಟ್ ಕೂಡ ಮಾಡಿರುತ್ತೀರಿ. ಆದರೂ ಮೀಟಿಂಗ್ ನಡುವೆ ಎದುರಿನವರ ಮುಖ ಫ್ರೀಜ್ ಆಗಿ ನಿಂತುಬಿಡುತ್ತದೆ. ಇಂಥ ದೂರುಗಳಲ್ಲಿ ಹೆಚ್ಚಿನವುಗಳ ಮೂಲ ಒಂದೇ. ಪ್ಯಾಕೆಟ್‌ಗಳ, ಅಂದರೆ ಡೇಟಾದ ಸಣ್ಣ ಸಣ್ಣ ತುಂಡುಗಳ, ಸಾಲು ನಿಮ್ಮ ರೂಟರ್‌ನಲ್ಲಿ ನಿಲ್ಲುತ್ತಿಲ್ಲ, ಬೇರೆಲ್ಲೋ ನಿಲ್ಲುತ್ತಿದೆ.

ಕ್ಯೂಒಎಸ್‌ನಿಂದ ಹೊಸದಾಗಿ ಸ್ಪೀಡ್ ಬರುವುದಿಲ್ಲ. ಸಾಲು ನಿಂತಾಗ ಯಾರನ್ನು ಮೊದಲು ಬಿಡಬೇಕು ಅಂತ ಅದು ತೀರ್ಮಾನಿಸುತ್ತದೆ, ಅಷ್ಟೇ. ಸಾಲೇ ಇಲ್ಲದ ಕಡೆ ಅದಕ್ಕೆ ಕೆಲಸವೂ ಇಲ್ಲ. ಹಾಗಾಗಿ ಕೆಳಗಿನ ಲಕ್ಷಣಗಳಲ್ಲಿ ಯಾವುದೇ ಇರಲಿ, ಮೊದಲು ಕೇಳಿಕೊಳ್ಳಬೇಕಾದ್ದು ಸಾಲು ಎಲ್ಲಿ ನಿಂತಿದೆ ಅಂತ.

## ಕೈ ಹಾಕುವ ಮುನ್ನ

ಈಗಿರುವ ಸೆಟ್ಟಿಂಗ್‌ಗಳ ಬ್ಯಾಕಪ್ ತೆಗೆದಿಡಿ. ಹೆಚ್ಚಿನ ರೂಟರ್‌ಗಳ ಸಿಸ್ಟಂ ಪುಟದಲ್ಲಿ ಅದಕ್ಕೊಂದು ಬಟನ್ ಇರುತ್ತದೆ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಪರೀಕ್ಷೆ ಮಾಡಿ, ಫಲಿತಾಂಶ ಬರೆದಿಟ್ಟುಕೊಳ್ಳಿ. ನಾಲ್ಕು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗುವುದೇ ಇಲ್ಲ.

ಸರ್ವಿಸ್ ಪ್ರೊವೈಡರ್ ಕೊಟ್ಟಿರುವ ಮೋಡೆಮ್‌ನ ರೀಸೆಟ್ ಬಟನ್ ಒತ್ತಬೇಡಿ. ಅದರೊಳಗಿನ ಲಾಗಿನ್ ಮತ್ತು ವಿಲ್ಯಾನ್ (ಪ್ರೊವೈಡರ್ ಜಾಲಕ್ಕೆ ಸೇರಲು ಬೇಕಾದ ನಂಬರ್) ವಿವರ ಅಳಿಸಿಹೋದರೆ ಇದ್ದ ಇಂಟರ್‌ನೆಟ್ಟೂ ಹೋಗುತ್ತದೆ. ಬೇರೆ ಊರಿನಲ್ಲಿರುವ ಆಫೀಸ್ ರೂಟರ್‌ಗೆ ಇಲ್ಲಿಂದಲೇ ಮಿತಿ ಹಾಕುತ್ತಿದ್ದರೆ ನಿಮ್ಮದೇ ಲಾಗಿನ್ ಕಡಿದುಹೋಗುವ ಅಪಾಯವಿದೆ. ಸಿಸ್ಕೋ ಥರದ ರೂಟರ್‌ಗಳಲ್ಲಿ 10 ನಿಮಿಷ ಬಿಟ್ಟು ತಾನಾಗಿ ರೀಲೋಡ್ ಆಗುವಂತೆ ಮೊದಲು ಟೈಮರ್ ಇಡಿ. ಕಾನ್ಫಿಗ್ ಸೇವ್ ಮಾಡದೆ ಬದಲಾವಣೆ ಮಾಡಿ. ಕನೆಕ್ಷನ್ ಉಳಿದರೆ ಟೈಮರ್ ರದ್ದು ಮಾಡಿ, ಆಮೇಲೆ ಸೇವ್ ಮಾಡಿ. ಅಲ್ಲಿನ ಫೋನ್‌ಗಳೂ ಇದೇ ರೂಟರ್ ಮೂಲಕ ಹೋಗುತ್ತವೆ ಅಂತಾದರೆ, ಪರೀಕ್ಷೆ ಮುಗಿಯುವ ತನಕ ತುರ್ತು ಕರೆಗೆ ಒಂದು ಮೊಬೈಲ್ ಇರುವಂತೆ ನೋಡಿಕೊಳ್ಳಿ.

## ಯಾರಾದರೂ ಅಪ್‌ಲೋಡ್ ಶುರು ಮಾಡಿದ ಕೂಡಲೇ ಮಾತು ತುಂಡಾಗುತ್ತದೆ

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಲಕ್ಷಣ ಇದು. ಪತ್ತೆ ಹಚ್ಚಲು ದುಡ್ಡೂ ಬೇಡ, ಸಲಕರಣೆಯೂ ಬೇಡ.

ಒಂದು ಕಂಪ್ಯೂಟರನ್ನು ಕೇಬಲ್‌ನಲ್ಲಿ ರೂಟರ್‌ಗೆ ಜೋಡಿಸಿ. ವೈ-ಫೈ ಬೇಡ, ಅದರ ತೊಂದರೆಗಳೇ ಬೇರೆ. ಬೇರೆ ಯಾರೂ ನೆಟ್ ಬಳಸದ ಹೊತ್ತಿನಲ್ಲಿ 8.8.8.8ಕ್ಕೆ (ಗೂಗಲ್‌ನ ಸರ್ವರ್) ಬಿಡದೆ ಪಿಂಗ್ ಹಾಕಿ. ಒಂದು ಪ್ಯಾಕೆಟ್ ಅಲ್ಲಿಗೆ ಹೋಗಿ ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಪಿಂಗ್ ತೋರಿಸುತ್ತದೆ. ವಿಂಡೋಸ್‌ನಲ್ಲಿ ಪಿಂಗ್ ಕಮಾಂಡ್ ಜೊತೆ ಮೈನಸ್ ಟಿ (-t) ಸೇರಿಸಬೇಕು. ಲಿನಕ್ಸ್, ಮ್ಯಾಕ್‌ನಲ್ಲಿ ನೀವು ನಿಲ್ಲಿಸುವ ತನಕ ಅದು ಓಡುತ್ತಲೇ ಇರುತ್ತದೆ. ಒಂದು ನಿಮಿಷ ನೋಡಿ. ಆ ಕಿಟಕಿ ತೆರೆದೇ ಇರಲಿ, ಇನ್ನೊಂದು ಕಡೆ ಸ್ಪೀಡ್ ಟೆಸ್ಟ್ ಓಡಿಸಿ.

ದೋಷವಿರುವ ಲೈನ್‌ನಲ್ಲಿ ಅಂಕಿಗಳು ಹೀಗೆ ಕಾಣುತ್ತವೆ. ಖಾಲಿ ಇದ್ದಾಗ 18, 19, 18, 20 ಮಿಲಿಸೆಕೆಂಡ್. ಅಪ್‌ಲೋಡ್ ಹಂತ ಬಂದ ಕೂಡಲೇ 95, 310, 640, 780. ಟೆಸ್ಟ್ ಮುಗಿದು ಎರಡು ಮೂರು ಸೆಕೆಂಡಿಗೆ ಮತ್ತೆ 19. ಹೀಗೆ ಮೆಟ್ಟಿಲು ಹತ್ತಿ ಥಟ್ಟನೆ ಇಳಿಯುವುದೇ ಗುರುತು. ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. 2010ರ ಸುಮಾರಿಗೆ ಜಿಮ್ ಗೆಟ್ಟಿಸ್ ಈ ಹೆಸರಿಟ್ಟು ಎಲ್ಲರ ಗಮನಕ್ಕೆ ತಂದರು.

ಒಳಗೆ ಏನು ನಡೆಯುತ್ತಿದೆ ಅಂತ ಒಂದು ಲೆಕ್ಕ ಹಾಕಿ ನೋಡೋಣ. ಮೋಡೆಮ್‌ನಲ್ಲಿ 1 ಎಂಬಿ ಬಫರ್ (ಪ್ಯಾಕೆಟ್‌ಗಳು ಕಾಯುವ ಜಾಗ) ಇದೆ, ಅಪ್‌ಲೋಡ್ ಸ್ಪೀಡ್ 10 ಎಂಬಿಪಿಎಸ್ ಅಂತಿಟ್ಟುಕೊಳ್ಳಿ. 1 ಎಂಬಿ ಅಂದರೆ 8 ಮೆಗಾಬಿಟ್. ಅದು ಖಾಲಿಯಾಗಲು 0.8 ಸೆಕೆಂಡ್, ಅಂದರೆ 800 ಮಿಲಿಸೆಕೆಂಡ್ ಬೇಕು. ಫೋಟೋ ಬ್ಯಾಕಪ್ ಆ ಬಫರನ್ನು ತುಂಬಿಸಿಟ್ಟಿದ್ದರೆ, ನಿಮ್ಮ ಮಾತಿನ ಪ್ಯಾಕೆಟ್ ಅದರ ಹಿಂದೆ ಅಷ್ಟು ಹೊತ್ತು ಕಾಯಲೇಬೇಕು. ಫೋನ್ ಮಾತಿಗೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಒಳಗಿರಲಿ ಅನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯುವಿನ ಜಿ.114 ಶಿಫಾರಸು. 800 ಎಲ್ಲಿ, 150 ಎಲ್ಲಿ?

ಇಲ್ಲಿ ಗಮನಿಸಬೇಕಾದ ಮಾತು ಇನ್ನೊಂದಿದೆ. ಈ ಸಾಲು ನಿಂತಿರುವುದು ಮೋಡೆಮ್‌ನಲ್ಲಿ. ಕ್ಯೂಒಎಸ್ ಇರುವುದು ಅದರ ಹಿಂದಿನ ರೂಟರ್‌ನಲ್ಲಿ. ರೂಟರ್‌ನಿಂದ ಮೋಡೆಮ್‌ಗೆ ಹೋಗುವ ಕೇಬಲ್ 1 ಜಿಬಿಪಿಎಸ್ ವೇಗದ್ದು. ಅಲ್ಲಿ ಯಾರೂ ಕಾಯುವುದೇ ಇಲ್ಲ, ಹಾಗಾಗಿ ನಿಮ್ಮ ಪ್ರಯಾರಿಟಿ ರೂಲ್‌ಗಳನ್ನು ಯಾರೂ ಕೇಳುವುದೂ ಇಲ್ಲ.

ಪರಿಹಾರ ಸರಳ. ರೂಟರ್‌ನ ಕ್ಯೂಒಎಸ್ ಪುಟದಲ್ಲಿ ಅಪ್‌ಲೋಡ್, ಡೌನ್‌ಲೋಡ್ ಎರಡಕ್ಕೂ ಮಿತಿ ಹಾಕಿ. ನಿಜವಾಗಿ ಸಿಗುವ ಸ್ಪೀಡ್‌ನ 90 ಶೇಕಡಾದಿಂದ ಶುರು ಮಾಡಿ. ಅಪ್‌ಲೋಡ್ 20 ಎಂಬಿಪಿಎಸ್ ಸಿಗುತ್ತಿದ್ದರೆ 18 ಹಾಕಿ. ಪ್ಲಾನ್‌ನಲ್ಲಿ ಬರೆದ ಸ್ಪೀಡ್ ಬೇಡ, ಟೆಸ್ಟ್‌ನಲ್ಲಿ ಬಂದ ಅತ್ಯುತ್ತಮ ಅಂಕಿಯೂ ಬೇಡ. ಜನ ಜಾಸ್ತಿ ಬಳಸುವ ಹೊತ್ತಿನಲ್ಲಿ ಎಷ್ಟು ಬರುತ್ತದೋ ಅದನ್ನೇ ಹಿಡಿಯಿರಿ. ಈಗ ದಾರಿಯಲ್ಲಿ ಎಲ್ಲಕ್ಕಿಂತ ಕಿರಿದಾದ ಜಾಗ ನಿಮ್ಮ ರೂಟರ್. ಸಾಲು ಅಲ್ಲೇ ನಿಲ್ಲುತ್ತದೆ, ಅದರ ಮೇಲೆ ನಿಮಗೆ ಹಿಡಿತ ಸಿಗುತ್ತದೆ. ಮತ್ತೆ ಅದೇ ಪಿಂಗ್ ಪರೀಕ್ಷೆ ಮಾಡಿ. ಲೋಡ್ ಇದ್ದಾಗ 5ರಿಂದ 30 ಮಿಲಿಸೆಕೆಂಡ್ ಮಾತ್ರ ಏರಿದರೆ ಗೆದ್ದಂತೆ. ಆಮೇಲೆ ಮಿತಿಯನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಪಿಂಗ್ ಕೆಡುವ ಜಾಗದಿಂದ ಒಂದು ಹೆಜ್ಜೆ ಹಿಂದೆ ಬನ್ನಿ.

ಕ್ಯೂ ವಿಧಾನ ಆರಿಸುವ ಅವಕಾಶ ರೂಟರ್‌ನಲ್ಲಿದ್ದರೆ ಎಫ್‌ಕ್ಯೂ-ಕೋಡೆಲ್ ಅಥವಾ ಕೇಕ್ ಆರಿಸಿ. ಕೋಡೆಲ್ ವಿಧಾನವನ್ನು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಪ್ರಕಟಿಸಿದರು. ಸಾಲು ಎಷ್ಟು ಉದ್ದ ಅಂತ ಅದು ನೋಡುವುದಿಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಅಂತ ನೋಡುತ್ತದೆ. ಕಾಯುವಿಕೆ 5 ಮಿಲಿಸೆಕೆಂಡ್‌ಗಿಂತ ಕೆಳಗೆ ಇಳಿಯದೆ 100 ಮಿಲಿಸೆಕೆಂಡ್ ಕಳೆದರೆ ಪ್ಯಾಕೆಟ್ ಬಿಸಾಡಲು ಶುರು ಮಾಡುತ್ತದೆ. ಕಳಿಸುವ ಕಂಪ್ಯೂಟರ್ ಅದನ್ನು ಕಂಡು ವೇಗ ತಗ್ಗಿಸುತ್ತದೆ. ಮನೆ, ಸಣ್ಣ ಆಫೀಸ್‌ಗಳಲ್ಲಿ ಹತ್ತು ಪ್ರಯಾರಿಟಿ ರೂಲ್ ಬರೆಯುವುದಕ್ಕಿಂತ ಸರಿಯಾದ ಮಿತಿ ಮತ್ತು ಈ ಕ್ಯೂ, ಇವೆರಡೇ ಹೆಚ್ಚು ಕೆಲಸ ಮಾಡುತ್ತವೆ. ರೂಲ್‌ಗಳನ್ನು ಆಮೇಲೆ ನೋಡೋಣ.

ಡೌನ್‌ಲೋಡ್ ಹಂತದಲ್ಲಿ ಮಾತ್ರ ಪಿಂಗ್ ಏರುತ್ತಿದೆಯಾ? ಆ ಸಾಲು ಪ್ರೊವೈಡರ್ ಕಡೆ ನಿಂತಿದೆ. ಬಂದ ಪ್ಯಾಕೆಟ್ ಬಿಸಾಡಿ, ಕಳಿಸುವವರನ್ನು ನಿಧಾನ ಮಾಡಿಸುವುದಷ್ಟೇ ರೂಟರ್ ಕೈಯಲ್ಲಿ ಆಗುವುದು. ಅದಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು, ಮಿತಿಯನ್ನು 85 ಶೇಕಡಾಕ್ಕೆ ಇಳಿಸಿ. ಹಳೆಯ ಎಡಿಎಸ್‌ಎಲ್ ಲೈನ್ ಆದರೆ ಇನ್ನೂ ಇಳಿಸಬೇಕು. ಅಲ್ಲಿ 48 ಬೈಟ್ ಡೇಟಾ ಸಾಗಿಸಲು 53 ಬೈಟ್‌ನ ಸೆಲ್ ಖರ್ಚಾಗುತ್ತದೆ. 4ಜಿ, 5ಜಿ ರೂಟರ್‌ಗಳಲ್ಲಿ ಸ್ಪೀಡ್ ಗಳಿಗೆಗೊಂದು ಥರ ಇರುವುದರಿಂದ ಯಾವ ಮಿತಿಯೂ ಸದಾ ಸರಿಹೊಂದುವುದಿಲ್ಲ. ಕೆಟ್ಟ ಹೊತ್ತಿನ ಸ್ಪೀಡ್ ನೋಡಿ ಮಿತಿ ಹಾಕಿ.

## ಮಿತಿ ಹಾಕಿದೆ, ಏನೂ ಬದಲಾಗಲಿಲ್ಲ

ಹಾಗಾದರೆ ಕ್ಯೂಒಎಸ್ ನಿಜಕ್ಕೂ ಟ್ರಾಫಿಕ್ ದಾರಿಯಲ್ಲಿದೆಯಾ ಅಂತ ನೋಡಬೇಕು. ಇದಕ್ಕೆ ಒಂದು ಒರಟು ಪರೀಕ್ಷೆ ಇದೆ, ತುಂಬಾ ನಂಬಿಕಸ್ಥ. ಎರಡೂ ಮಿತಿಯನ್ನು 2 ಎಂಬಿಪಿಎಸ್‌ಗೆ ಇಳಿಸಿ ಸ್ಪೀಡ್ ಟೆಸ್ಟ್ ಮಾಡಿ. 2ರ ಆಸುಪಾಸು ಬಂದರೆ ಕ್ಯೂಒಎಸ್ ಕೆಲಸ ಮಾಡುತ್ತಿದೆ, ನೀವು ಹಾಕಿದ್ದ ಮಿತಿಯೇ ಜಾಸ್ತಿಯಾಗಿತ್ತು. ಪೂರ್ತಿ ಸ್ಪೀಡ್ ಬಂದರೆ ಟ್ರಾಫಿಕ್ ಅದನ್ನು ಬಳಸಿಕೊಳ್ಳದೆ ಪಕ್ಕದಿಂದ ಹೋಗುತ್ತಿದೆ.

ಪಕ್ಕದಿಂದ ಹೋಗಲು ಕಾರಣ ಹೆಚ್ಚಾಗಿ ಹಾರ್ಡ್‌ವೇರ್ ಆಕ್ಸಿಲರೇಶನ್. ಕೆಲವು ರೂಟರ್‌ಗಳಲ್ಲಿ ಅದರ ಹೆಸರು ಹಾರ್ಡ್‌ವೇರ್ ನ್ಯಾಟ್, ಇನ್ನು ಕೆಲವುಗಳಲ್ಲಿ ಫ್ಲೋ ಆಫ್‌ಲೋಡಿಂಗ್. ಕನೆಕ್ಷನ್‌ನ ಮೊದಲ ಕೆಲವು ಪ್ಯಾಕೆಟ್ ಮಾತ್ರ ಸಿಪಿಯುಗೆ ಬರುತ್ತವೆ, ಉಳಿದವು ಚಿಪ್‌ನಲ್ಲೇ ದಾಟಿಹೋಗುತ್ತವೆ. ಕ್ಯೂಒಎಸ್ ಇರುವುದು ಸಿಪಿಯುನಲ್ಲಿ, ಹಾಗಾಗಿ ಅದಕ್ಕೆ ಅವು ಕಾಣುವುದೇ ಇಲ್ಲ. ಆಕ್ಸಿಲರೇಶನ್ ಆಫ್ ಮಾಡಿ, ರೂಟರ್ ರೀಸ್ಟಾರ್ಟ್ ಮಾಡಿ, ಮತ್ತೆ ನೋಡಿ.

ಆಗಲೂ ಸರಿಯಾಗದಿದ್ದರೆ ಕ್ಯೂಒಎಸ್ ಯಾವ ಇಂಟರ್‌ಫೇಸ್‌ಗೆ ಅಂಟಿಕೊಂಡಿದೆ ನೋಡಿ. ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಆಗುವ) ಲೈನ್‌ನಲ್ಲಿ ಬೇರೆ ಯಾವುದೋ ಪೋರ್ಟ್ ಆರಿಸಿರುತ್ತಾರೆ. ಐಪಿವಿ6 (ಇಂಟರ್‌ನೆಟ್ ಅಡ್ರೆಸ್‌ಗಳ ಹೊಸ ಪದ್ಧತಿ, ಹಳೆಯದು ಐಪಿವಿ4) ಕೂಡ ಇಂಥದ್ದೇ ಕಳ್ಳದಾರಿ. ಕೆಲವು ರೂಟರ್‌ಗಳ ರೂಲ್ ಐಪಿವಿ4ಕ್ಕೆ ಮಾತ್ರ ಅನ್ವಯಿಸುತ್ತದೆ. ಐಪಿವಿ6 ಅನ್ನು ಪರೀಕ್ಷೆಗೆಂದು ಸ್ವಲ್ಪ ಹೊತ್ತು ಆಫ್ ಮಾಡಿದಾಗ ಮಿತಿ ಹಿಡಿದರೆ ಉತ್ತರ ಸಿಕ್ಕಿತು. ಕೊನೆಗೆ, ಮೋಡೆಮ್‌ಗೇ ವೈ-ಫೈ ಇದ್ದು ಮನೆಯ ಅರ್ಧ ಡಿವೈಸ್‌ಗಳು ಅದಕ್ಕೆ ಕನೆಕ್ಟ್ ಆಗಿದ್ದರೆ, ಅವುಗಳ ಟ್ರಾಫಿಕ್ ನಿಮ್ಮ ರೂಟರ್‌ಗೆ ಬರುವುದೇ ಇಲ್ಲ. ಆ ವೈ-ಫೈ ಆಫ್ ಮಾಡಿ, ಎಲ್ಲವನ್ನೂ ಒಂದೇ ರೂಟರ್ ಹಿಂದೆ ತನ್ನಿ.

## ಕ್ಯೂಒಎಸ್ ಆನ್ ಮಾಡಿದ ಮೇಲೆ ಸ್ಪೀಡೇ ಬಿದ್ದುಹೋಯಿತು

ಹತ್ತು ಶೇಕಡಾ ಬಿದ್ದರೆ ಅದು ನೀವೇ ಬಿಟ್ಟುಕೊಟ್ಟದ್ದು. ಅದಕ್ಕಿಂತ ಜಾಸ್ತಿ ಬಿದ್ದರೆ ಮೊದಲು ಅಳತೆಯ ಘಟಕ ನೋಡಿ. ಪುಟದಲ್ಲಿ ಕೆಬಿಪಿಎಸ್ ಕೇಳಿರುತ್ತದೆ, ನೀವು 100 ಅಂತ ಹಾಕಿರುತ್ತೀರಿ. ಆಗ ಸಿಗುವುದು 0.1 ಎಂಬಿಪಿಎಸ್. ಅಲ್ಲಿ 100000 ಹಾಕಬೇಕು. ಬಿಟ್ ಬದಲು ಬೈಟ್ ಹಿಡಿದಿದ್ದರೆ 8 ಪಟ್ಟು ವ್ಯತ್ಯಾಸ. ಅಪ್‌ಲೋಡ್ ಅಂಕಿಯನ್ನು ಡೌನ್‌ಲೋಡ್ ಜಾಗದಲ್ಲಿ ಹಾಕುವುದೂ ಸಾಮಾನ್ಯ. ಪ್ಲಾನ್ ಬದಲಿಸಿದ ಮೇಲೆ ಹಳೆಯ ಮಿತಿ ಹಾಗೇ ಉಳಿದಿರುವುದೂ ಉಂಟು.

ಅಂಕಿಗಳೆಲ್ಲ ಸರಿ ಇದ್ದರೆ ಸಿಪಿಯು ಸಾಲುತ್ತಿಲ್ಲ. ಸ್ಪೀಡ್ ಟೆಸ್ಟ್ ಓಡುವಾಗ ರೂಟರ್‌ನ ಸ್ಟೇಟಸ್ ಪುಟದಲ್ಲಿ ಸಿಪಿಯು ನೋಡಿ. ಒಂದು ಕೋರ್ 100 ಶೇಕಡಾ ಮುಟ್ಟಿ ಅಲ್ಲೇ ನಿಂತರೆ ಅದೇ ಕಾರಣ. ಸರಾಸರಿ ನೋಡಿ ಮೋಸಹೋಗಬೇಡಿ. ನಾಲ್ಕು ಕೋರ್ ಇರುವ ರೂಟರ್‌ನಲ್ಲಿ ಒಂದು ಪೂರ್ತಿ ತುಂಬಿದರೂ ಸರಾಸರಿ 25 ಅಂತ ತೋರಿಸಬಹುದು. ಕೇಕ್ ಬದಲು ಎಫ್‌ಕ್ಯೂ-ಕೋಡೆಲ್ ಹಾಕಿದರೆ ಸಿಪಿಯು ಹೊರೆ ಇಳಿಯುತ್ತದೆ. ಇನ್ನೊಂದು ದಾರಿ, ಡೌನ್‌ಲೋಡ್ ಮಿತಿ ತೆಗೆದು ಅಪ್‌ಲೋಡ್‌ಗೆ ಮಾತ್ರ ಉಳಿಸಿಕೊಳ್ಳುವುದು. ನೂರಾರು ಎಂಬಿಪಿಎಸ್ ಇರುವ ಲೈನ್‌ಗಳಲ್ಲಿ ಇಕ್ಕಟ್ಟು ಹೆಚ್ಚಾಗಿ ಅಪ್‌ಲೋಡ್‌ನಲ್ಲೇ ಇರುತ್ತದೆ, ಹಾಗಾಗಿ ಇದು ಒಳ್ಳೆಯ ರಾಜಿ. ಇಷ್ಟಾದರೂ ಸಾಲದಿದ್ದರೆ ಸೆಟ್ಟಿಂಗ್‌ನಿಂದ ಆಗುವ ಕೆಲಸ ಅಲ್ಲಿಗೆ ಮುಗಿಯಿತು, ಬಲವಾದ ರೂಟರ್ ಬೇಕು.

## ಕೇಬಲ್‌ನಲ್ಲಿ ಚೆನ್ನಾಗಿದೆ, ವೈ-ಫೈನಲ್ಲಿ ಮಾತ್ರ ಕಾಲ್ ಕೆಡುತ್ತದೆ

ಇಲ್ಲಿ ಸಾಲು ಗಾಳಿಯಲ್ಲಿದೆ. ಇಂಟರ್‌ನೆಟ್ ಕಡೆಯ ಮಿತಿ ಇದನ್ನು ಸರಿಪಡಿಸಲಾರದು. ಕಂಪ್ಯೂಟರ್‌ನಿಂದ ರೂಟರ್‌ನ ಸ್ವಂತ ಅಡ್ರೆಸ್‌ಗೆ ಪಿಂಗ್ ಹಾಕಿ ನೋಡಿ. ವೈ-ಫೈನಲ್ಲಿ ಅದೇ 3, 5, 4 ಇದ್ದದ್ದು 120, 80, 200 ಅಂತ ಕುಣಿಯುತ್ತಿದ್ದರೆ ದೋಷ ಮನೆಯೊಳಗೇ ಇದೆ. ಹತ್ತಿರ ಹೋಗಿ ನೋಡಿ, 5 ಗಿಗಾಹರ್ಟ್ಸ್ ಬ್ಯಾಂಡ್‌ಗೆ ಬದಲಿಸಿ, ಚಾನೆಲ್ ಬದಲಿಸಿ.

ಆಮೇಲೆ ಡಬ್ಲ್ಯುಎಂಎಂ ಆನ್ ಇದೆಯಾ ನೋಡಿ. ವಾಯ್ಸ್, ವಿಡಿಯೋ, ಬೆಸ್ಟ್ ಎಫರ್ಟ್, ಬ್ಯಾಕ್‌ಗ್ರೌಂಡ್ ಅಂತ ವೈ-ಫೈನ ನಾಲ್ಕು ಪ್ರಯಾರಿಟಿ ದರ್ಜೆಗಳು ಇದರಿಂದಲೇ ನಡೆಯುವುದು. ಇದನ್ನು ಆಫ್ ಮಾಡಿದರೆ 802.11ಎನ್ ವೇಗಗಳೂ ಸಿಗದೆ ಲಿಂಕ್ 54 ಎಂಬಿಪಿಎಸ್‌ಗೆ ಇಳಿಯುತ್ತದೆ. ಸ್ಪೀಡ್ ಸುಮ್ನೆ 54ಕ್ಕೆ ಬಂದು ನಿಂತಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಆಫೀಸ್‌ಗಳಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಐಪಿ ಫೋನ್ ತನ್ನ ಮಾತಿನ ಪ್ಯಾಕೆಟ್‌ಗೆ ಡಿಎಸ್‌ಸಿಪಿ (ಪ್ಯಾಕೆಟ್‌ನ ಪ್ರಯಾರಿಟಿ ಹೇಳುವ ಅಂಕಿ) 46 ಅಂತ ಗುರುತು ಹಾಕುತ್ತದೆ. ಬಹಳಷ್ಟು ಉಪಕರಣಗಳು ಅದರ ಮೊದಲ ಮೂರು ಬಿಟ್ ಮಾತ್ರ ನೋಡುತ್ತವೆ. 46ರ ಮೊದಲ ಮೂರು ಬಿಟ್ ಅಂದರೆ 5, ಅದು ವೈ-ಫೈನಲ್ಲಿ ವಿಡಿಯೋ ದರ್ಜೆ. ಹೀಗೆ ಮಾತು ವಾಯ್ಸ್ ದರ್ಜೆಗೆ ಹೋಗದೆ ವಿಡಿಯೋ ಜೊತೆ ಸೇರಿಬಿಡುತ್ತದೆ. ಇದನ್ನು ಸರಿಪಡಿಸಿ 6ಕ್ಕೆ ಹಾಕಬೇಕು ಅಂತ 2018ರ ಇಂಟರ್‌ನೆಟ್ ಮಾನದಂಡ ಆರ್‌ಎಫ್‌ಸಿ 8325 ಹೇಳುತ್ತದೆ. ಆಕ್ಸೆಸ್ ಪಾಯಿಂಟ್‌ನಲ್ಲಿ ಮ್ಯಾಪಿಂಗ್ ಆಯ್ಕೆ ಇದ್ದರೆ ಬದಲಿಸಿ.

## ಲ್ಯಾಪ್‌ಟಾಪ್‌ಗೆ ಕೊಟ್ಟ ಪ್ರಯಾರಿಟಿ ಕೆಲವು ದಿನಕ್ಕೆ ಮಾಯವಾಯಿತು

ರೂಲ್ ಐಪಿ ಅಡ್ರೆಸ್ ಮೇಲೆ ಬರೆದಿದ್ದರೆ, ಡಿಎಚ್‌ಸಿಪಿ (ರೂಟರ್‌ನಲ್ಲಿ ಅಡ್ರೆಸ್ ಹಂಚುವ ವ್ಯವಸ್ಥೆ) ಆ ಡಿವೈಸ್‌ಗೆ ಬೇರೆ ಅಡ್ರೆಸ್ ಕೊಟ್ಟಿರುತ್ತದೆ. ಸದಾ ಅದೇ ಅಡ್ರೆಸ್ ಸಿಗುವಂತೆ ರಿಸರ್ವೇಶನ್ ಮಾಡಿ. ಮ್ಯಾಕ್ ಅಡ್ರೆಸ್ (ಡಿವೈಸ್‌ನ ನೆಟ್‌ವರ್ಕ್ ಭಾಗದ ಸ್ವಂತ ನಂಬರ್) ಮೇಲೆ ಬರೆದಿದ್ದರೆ, ಈಗಿನ ಫೋನ್‌ಗಳು ನಿಜವಾದ ಮ್ಯಾಕ್ ತೋರಿಸುವುದಿಲ್ಲ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಇದು ಮಾಮೂಲಿ. ನೆಟ್‌ವರ್ಕ್ ಮರೆತು ಮತ್ತೆ ಸೇರಿಸಿದಾಗ ಅಡ್ರೆಸ್ ಬದಲಾಗಬಹುದು. ಮನೆಯ ವೈ-ಫೈಗೆ ಮಾತ್ರ ಪ್ರೈವೇಟ್ ಅಡ್ರೆಸ್ ಆಫ್ ಮಾಡಿ. ಹೊರಗಿನ ವೈ-ಫೈಗಳಲ್ಲಿ ಅದು ಆನ್ ಇರುವುದೇ ಒಳ್ಳೆಯದು.

## ಕಾಲ್ ಚೆನ್ನಾಗಿದೆ, ಉಳಿದವರ ಕೆಲಸ ನಿಂತುಹೋಗಿದೆ

ಪ್ರಯಾರಿಟಿ ಅಗತ್ಯಕ್ಕಿಂತ ಜಾಸ್ತಿ ಹಂಚಿದ್ದೀರಿ. ಮೇಲಿನ ದರ್ಜೆ ಖಾಲಿಯಾಗುವ ತನಕ ಕೆಳಗಿನವರನ್ನು ಬಿಡದ ಕ್ಯೂ ಇದ್ದರೆ, ಮೇಲಿನ ದರ್ಜೆಗೆ ಮಿತಿ ಇರಲೇಬೇಕು. ಎಷ್ಟು ಬೇಕು? ಜಿ.711 ಕೋಡೆಕ್‌ನ (ದನಿಯನ್ನು ಡೇಟಾ ಆಗಿಸುವ ವಿಧಾನ) ಒಂದು ಫೋನ್ ಕಾಲ್‌ಗೆ ಒಂದು ದಿಕ್ಕಿಗೆ ಹೆಡರ್ ಎಲ್ಲ ಸೇರಿ 90 ಕೆಬಿಪಿಎಸ್‌ಗಿಂತ ಕಡಿಮೆ ಸಾಕು. ಹತ್ತು ಕಾಲ್‌ಗೆ 1 ಎಂಬಿಪಿಎಸ್ ಕೂಡ ಬೇಡ. ವಾಯ್ಸ್ ದರ್ಜೆಗೆ ಲಿಂಕ್‌ನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೊಡಬೇಡಿ ಅನ್ನುವುದು ಸಿಸ್ಕೋದ ಬಹುಕಾಲದ ಸಲಹೆ.

ಎಲ್ಲ ಡಿವೈಸ್‌ಗೂ ಹೈಯೆಸ್ಟ್ ಕೊಟ್ಟಿದ್ದರೆ ಯಾರಿಗೂ ಪ್ರಯಾರಿಟಿ ಕೊಡದಂತೆಯೇ. ನಿಜಕ್ಕೂ ಅವಸರವಿರುವುದು ಎರಡು ಮೂರು ಬಗೆಯ ಟ್ರಾಫಿಕ್‌ಗೆ ಮಾತ್ರ. ಅದಕ್ಕಿಂತ ಬ್ಯಾಕಪ್, ಅಪ್‌ಡೇಟ್‌ಗಳನ್ನು ಕೆಳಗೆ ತಳ್ಳುವುದು ಸುಲಭ, ಅಡ್ಡಪರಿಣಾಮವೂ ಕಡಿಮೆ.

## ರೂಲ್ ಇದೆ, ಕೌಂಟರ್ ಮಾತ್ರ ಸೊನ್ನೆ

ಇದು ಆಫೀಸ್ ರೂಟರ್‌ಗಳ ಲಕ್ಷಣ. ಸಿಸ್ಕೋದಲ್ಲಿ ಶೋ ಪಾಲಿಸಿ-ಮ್ಯಾಪ್ ಇಂಟರ್‌ಫೇಸ್ ಅಂತ ಕೊಟ್ಟರೆ ಯಾವ ಕ್ಲಾಸ್‌ಗೆ ಎಷ್ಟು ಪ್ಯಾಕೆಟ್ ಬಿತ್ತು, ಎಷ್ಟು ಡ್ರಾಪ್ ಆಯಿತು ಅಂತ ಕಾಣುತ್ತದೆ. ಒಂದು ಟೆಸ್ಟ್ ಕಾಲ್ ಮಾಡಿ, ಅದು ನಡೆಯುತ್ತಿರುವಾಗಲೇ ಎರಡು ಸಲ ನೋಡಿ.

ವಾಯ್ಸ್ ಕ್ಲಾಸ್ ಸೊನ್ನೆಯಲ್ಲೇ ಇದ್ದರೆ ಗುರುತು ದಾರಿಯಲ್ಲಿ ಅಳಿಸಿದೆ ಅಥವಾ ಮೇಲಿನ ಕ್ಲಾಸ್ ಅದನ್ನು ಮೊದಲೇ ಹಿಡಿದುಕೊಂಡಿದೆ. ಕ್ಲಾಸ್‌ಗಳಲ್ಲಿ ಮೊದಲು ಹೊಂದಿದ್ದೇ ಗೆಲ್ಲುತ್ತದೆ, ಆದ್ದರಿಂದ ಕ್ರಮ ನೋಡಿ. ನಡುವಿನ ಸ್ವಿಚ್ ಪೋರ್ಟ್ ಡಿಎಸ್‌ಸಿಪಿಯನ್ನು ನಂಬದಂತೆ ಸೆಟ್ ಆಗಿದ್ದರೆ 46 ಬಂದದ್ದು 0 ಆಗಿ ಹೊರಡುತ್ತದೆ. ಫೋನ್ ಪಕ್ಕದಲ್ಲೊಮ್ಮೆ, ರೂಟರ್ ಪಕ್ಕದಲ್ಲೊಮ್ಮೆ ಪ್ಯಾಕೆಟ್ ಕ್ಯಾಪ್ಚರ್ ಮಾಡಿದರೆ ಎಲ್ಲಿ ಅಳಿಸಿತು ಅಂತ ಗೊತ್ತಾಗುತ್ತದೆ. ಪೋರ್ಟ್ ನಂಬರ್ ನೋಡಿ ಹಿಡಿಯುವ ರೂಲ್‌ಗಳನ್ನು ಜಾಸ್ತಿ ನಂಬಬೇಡಿ. ಈಗ ಬಹಳಷ್ಟು ಟ್ರಾಫಿಕ್ 443ರಲ್ಲೇ ಹೋಗುತ್ತದೆ. ವಿಪಿಎನ್ ಇದ್ದರಂತೂ ಒಳಗಿನ ಪೋರ್ಟ್ ಕಾಣುವುದೇ ಇಲ್ಲ.

ಪ್ಯಾಕೆಟ್ ಸರಿಯಾಗಿ ಬೀಳುತ್ತಿವೆ, ಆದರೂ ಮಾತು ಕೆಡುತ್ತಿದೆ, ಡ್ರಾಪ್ ಎಲ್ಲೂ ಇಲ್ಲ ಅಂದರೆ ಮತ್ತೆ ಹಳೆಯ ಪ್ರಶ್ನೆ. ಇಂಟರ್‌ಫೇಸ್ 1 ಜಿಬಿಪಿಎಸ್, ಕೊಂಡ ಲಿಂಕ್ 100 ಎಂಬಿಪಿಎಸ್. ಇಂಟರ್‌ಫೇಸ್ ತುಂಬುವುದೇ ಇಲ್ಲ. ಹೊರಗೆ 95 ಎಂಬಿಪಿಎಸ್‌ನ ಶೇಪರ್ (ವೇಗಕ್ಕೆ ಮಿತಿ ಹಾಕುವ ಪಾಲಿಸಿ) ಹಾಕಿ, ಅದರೊಳಗೆ ನಿಮ್ಮ ಕ್ಯೂ ಪಾಲಿಸಿ ಇಡಿ.

ವಾಯ್ಸ್ ಕ್ಲಾಸ್‌ನಲ್ಲೇ ಡ್ರಾಪ್ ಏರುತ್ತಿದ್ದರೆ ಅದಕ್ಕಿಟ್ಟ ಮಿತಿ ಸಾಲುತ್ತಿಲ್ಲ. ಹತ್ತು ಕಾಲ್‌ಗೆ ಇಟ್ಟ ಜಾಗಕ್ಕೆ ಹನ್ನೊಂದನೆಯದು ಬಂದರೆ ಅದೊಂದೇ ಕೆಡುವುದಿಲ್ಲ, ಹನ್ನೊಂದೂ ಕೆಡುತ್ತವೆ.

## ಒಬ್ಬರ ದನಿ ಮಾತ್ರ ಕೇಳಿಸುತ್ತದೆ, ಇಲ್ಲವೇ 32 ಸೆಕೆಂಡಿಗೆ ಕಾಲ್ ಕಟ್

ಇದು ಕ್ಯೂಒಎಸ್ ದೋಷ ಅಲ್ಲ. ಸಾಲಿನ ತೊಂದರೆ ಇದ್ದರೆ ಮಾತು ಮುರಿಯುತ್ತದೆ, ಪ್ರತಿ ಸಲ ಅದೇ ಹೊತ್ತಿಗೆ ಕಟ್ ಆಗುವುದಿಲ್ಲ. ಇಂಟರ್‌ನೆಟ್ ಫೋನ್ ಕಾಲ್ ಜೋಡಿಸುವ ನಿಯಮಾವಳಿ ಸಿಪ್‌ನಲ್ಲಿ ಉತ್ತರದ ಖಾತರಿ ಬಾರದಿದ್ದರೆ ಸುಮಾರು 32 ಸೆಕೆಂಡಿಗೆ ಕಾಲ್ ಬಿಡಬೇಕೆಂಬ ಟೈಮರ್ ಇದೆ. ರೂಟರ್‌ನ ಸಿಪ್ ಎಎಲ್‌ಜಿ (ಸಿಪ್ ಪ್ಯಾಕೆಟ್‌ಗಳನ್ನು ನಡುವೆ ತಿದ್ದುವ ಸೌಲಭ್ಯ) ಆಫ್ ಮಾಡಿ ನೋಡಿ. ಫೈರ್‌ವಾಲ್ ಪೂರ್ತಿ ಆಫ್ ಮಾಡಿ ಪರೀಕ್ಷಿಸುವುದು ಬೇಡವೇ ಬೇಡ.

## ಯಾರೂ ಬಳಸದಿದ್ದರೂ ಪಿಂಗ್ ಕೆಟ್ಟಿದೆ, ಅಥವಾ ಸಂಜೆ ಮಾತ್ರ ಕೆಡುತ್ತದೆ

ಇಲ್ಲಿಗೆ ನಿಮ್ಮ ಪ್ರಯತ್ನ ನಿಲ್ಲಿಸಬೇಕು. ಅದಕ್ಕೂ ಮೊದಲು ಒಂದೇ ಒಂದು ಪರೀಕ್ಷೆ. ಕೆಡುವ ಹೊತ್ತಿನಲ್ಲಿ ಮಿತಿಯನ್ನು ಅರ್ಧಕ್ಕೆ ಇಳಿಸಿ. ಆಗಲೂ ಪಿಂಗ್ ಕುಣಿಯುತ್ತಿದ್ದರೆ ಸಾಲು ಪ್ರೊವೈಡರ್ ಜಾಲದೊಳಗಿದೆ, ಇಲ್ಲವೇ ಲೈನ್‌ನಲ್ಲೇ ದೋಷವಿದೆ. ಯಾವ ಕ್ಯೂಒಎಸ್ ಸೆಟ್ಟಿಂಗೂ ಅಲ್ಲಿಗೆ ಮುಟ್ಟುವುದಿಲ್ಲ. ನೀವು ಹಾಕಿದ ಡಿಎಸ್‌ಸಿಪಿ ಗುರುತನ್ನೂ ಇಂಟರ್‌ನೆಟ್ ಜಾಲಗಳು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಫೈಬರ್ ಆದರೆ ಒಎನ್‌ಟಿಯ (ಫೈಬರ್ ಬಂದು ಸೇರುವ ಪೆಟ್ಟಿಗೆ) ಪುಟದಲ್ಲಿ ಆಪ್ಟಿಕಲ್ ಪವರ್ ನೋಡಿ. ಜಿಪಾನ್ ಅನ್ನುವ ಬಗೆಯ ಫೈಬರ್ ಲೈನ್‌ನಲ್ಲಿ ಅದು ಮೈನಸ್ 27 ಡಿಬಿಎಂಗಿಂತ ದುರ್ಬಲವಾಗಿದ್ದರೆ (ಮೈನಸ್ 28, 29 ಹೀಗೆ) ತಂತ್ರಜ್ಞರನ್ನು ಕರೆಯಿರಿ. ಫೈಬರ್ ಕನೆಕ್ಟರ್ ಬಿಚ್ಚಬೇಡಿ, ತುದಿಯನ್ನು ಕಣ್ಣ ಹತ್ತಿರ ಹಿಡಿದು ನೋಡಲೇಬೇಡಿ. ಅದರ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಹಾನಿ ಮಾಡಬಲ್ಲದು. ಅಡಾಪ್ಟರ್ ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ, ಸುಟ್ಟ ವಾಸನೆ ಬಂದರೆ ಗೋಡೆಯ ಸ್ವಿಚ್ ಆಫ್ ಮಾಡಿ, ಅದೇ ವೋಲ್ಟೇಜ್‌ನ ಸರಿಯಾದ ಅಡಾಪ್ಟರ್ ಬರುವ ತನಕ ಹಾಗೇ ಬಿಡಿ. ಇಂಥ ಅಪಾಯ ಇಲ್ಲದಿದ್ದರೆ, ಫರ್ಮ್‌ವೇರ್ ಅಪ್‌ಡೇಟ್ ನಡೆಯುವಾಗ ಕರೆಂಟ್ ತೆಗೆಯಬಾರದು.

ಪ್ರೊವೈಡರ್‌ಗೆ ದೂರು ಕೊಡುವಾಗ ನೆಟ್ ಸ್ಲೋ ಅಂತಷ್ಟೇ ಹೇಳಿದರೆ ರೀಸ್ಟಾರ್ಟ್ ಮಾಡಿ ಅಂತ ಉತ್ತರ ಬರುತ್ತದೆ. ಕೇಬಲ್‌ನಲ್ಲಿ ಪರೀಕ್ಷಿಸಿದ್ದು, ಬೇರೆ ಯಾರೂ ಬಳಸದಿದ್ದಾಗ ಬಂದ ಪಿಂಗ್, ಬೆಳಗ್ಗೆ ಎಷ್ಟು ಸಂಜೆ ಎಷ್ಟು, ಎಷ್ಟು ಪ್ಯಾಕೆಟ್ ಕಳೆದುಹೋದವು, ಟ್ರೇಸ್‌ರೂಟ್‌ನಲ್ಲಿ (ದಾರಿಯ ರೂಟರ್‌ಗಳನ್ನು ಒಂದೊಂದಾಗಿ ತೋರಿಸುವ ಕಮಾಂಡ್) ಯಾವ ಹಾಪ್‌ನಿಂದ, ಅಂದರೆ ಯಾವ ರೂಟರ್‌ನಿಂದ, ಕೊನೆಯ ತನಕ ವಿಳಂಬ ಏರಿಯೇ ಉಳಿಯಿತು, ಇಷ್ಟನ್ನೂ ಸಮಯದ ಸಮೇತ ಬರೆದು ಕೊಡಿ. ನಡುವಿನ ಒಂದೇ ಹಾಪ್ ಏರಿ ಮುಂದಿನದು ಇಳಿದಿದ್ದರೆ ಅದನ್ನು ದೂರಿನಲ್ಲಿ ಸೇರಿಸಬೇಡಿ. ಆ ರೂಟರ್ ಪಿಂಗ್‌ಗೆ ನಿಧಾನವಾಗಿ ಉತ್ತರಿಸುತ್ತಿದೆ ಅಷ್ಟೇ, ನಿಮ್ಮ ಟ್ರಾಫಿಕ್ ಅಲ್ಲಿ ಕಾಯುತ್ತಿಲ್ಲ.